ಫೀಸಿಗೆ ಹೋದ ಮನೆ

ನಾನು ಹುಟ್ಟಿದ್ದು ನೇಪಾಳದ ಪಶ್ಚಿಮದ ಕಡೆಯ ಒಂದು ಗುಡ್ಡದ ಊರಲ್ಲಿ. ಆ ಊರಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಬೇರೆಯವರು ಹೇಳಿದ್ದು. ನಾನಿನ್ನೂ ನಡೆಯಲು ಕಲಿಯುವ ಮುಂಚೆಯೇ ಅಪ್ಪ, ಆಮಾ ನನ್ನನ್ನೆತ್ತಿಕೊಂಡು ಚನ್ನಗಿರಿಗೆ ಬಂದಿದ್ದರು. ನೇಪಾಳಿಯಲ್ಲಿ ತಾಯಿಗೆ ಆಮಾ ಎನ್ನುತ್ತಾರೆ. ಶಾಲೆಯಲ್ಲಿ ಗೆಳತಿಯರು, "ಅಮ್ಮ ಅನ್ನಾಕೆ ಬರಲ್ವೇನೇ ನಿಂಗೆ?" ಎಂದು ನಗುತ್ತಿದ್ದರು. ಉಳಿದ ಕನ್ನಡವೆಲ್ಲ ನನಗೆ ಅವರಷ್ಟೇ ಬರುತ್ತಿತ್ತು. ನಿಜ ಹೇಳಬೇಕೆಂದರೆ ನೇಪಾಳಿಗಿಂತ ಚೆನ್ನಾಗಿ ಬರುತ್ತಿತ್ತು.

ಅಪ್ಪ ಮೊದಲು ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆದ, ಆಮೇಲೆ ಅಲ್ಲೇ ಒಲೆಯ ಮುಂದೆ ನಿಂತ, ಕೊನೆಗೆ ಸ್ವಂತದ್ದೊಂದು ಗೋಬಿ ಮಂಚೂರಿ ಗಾಡಿ ಹಾಕಿದ. ಊರಿಗೆಲ್ಲ ಅವನು 'ಬಹದ್ದೂರ್'. ಅದು ಅವನ ಹೆಸರಲ್ಲ, ಆದರೆ ಒಂದು ದಿನವೂ ಅವನು ಅದನ್ನು ತಿದ್ದಲಿಲ್ಲ. ಆಮಾ ಮಧ್ಯಾಹ್ನವೆಲ್ಲ ಮನೆಯಲ್ಲಿ ಕೂತು ಹೂಕೋಸು ಬಿಡಿಸುತ್ತಿದ್ದಳು, ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನಾವಿದ್ದದ್ದು ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆ. ಮೂವರೂ ಸಾಲಾಗಿ ಮಲಗುತ್ತಿದ್ದೆವು, ನಾನು ಗೋಡೆಯ ಕಡೆ.

ಡಾಕ್ಟರಾಗಬೇಕೆಂಬ ಆಸೆ ನನಗೆ ಹುಟ್ಟಿದ್ದು ಬೇರೆಯವರ ಹೊಟ್ಟೆನೋವಿನಿಂದ. ನಮ್ಮಂತೆ ಬಂದ ನಾಲ್ಕಾರು ನೇಪಾಳಿ ಸಂಸಾರಗಳು ಊರಿನಲ್ಲಿದ್ದವು. ಆ ಹೆಂಗಸರಿಗೆ ಹುಷಾರಿಲ್ಲದಾಗ ಆಸ್ಪತ್ರೆಗೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಅವರು ಹೇಳಿದ್ದನ್ನು ನಾನು ಕನ್ನಡ ಮಾಡಬೇಕು. ಚುಚ್ಚುತ್ತದೆಯೋ, ಹಿಂಡುತ್ತದೆಯೋ, ಉರಿಯುತ್ತದೆಯೋ ಎಂದು ಡಾಕ್ಟರು ಕೇಳಿದ್ದನ್ನು ತಿರುಗಿ ಅವರಿಗೆ ಹೇಳಬೇಕು. ನನ್ನ ಬಾಯಿಂದ ಹೋದ ನೋವು ಮಾತ್ರೆಯಾಗಿ ವಾಪಸು ಬರುತ್ತಿದ್ದುದು ನನಗೆ ದೊಡ್ಡ ವಿಷಯವಾಗಿ ಕಾಣುತ್ತಿತ್ತು. ಒಂದು ದಿನ ಆ ಮೇಜಿನ ಆಚೆ ಬದಿಯಲ್ಲಿ ಕೂರಬೇಕು ಎಂದುಕೊಂಡೆ.

ಪಿಯುಸಿ ಮುಗಿಯಿತು. ನೀಟ್ ಬರೆದೆ. ಎಂಬಿಬಿಎಸ್ ನಮ್ಮ ಕನಸಿಗೂ ಎಟುಕುವಂತಿರಲಿಲ್ಲ. ದಾವಣಗೆರೆ ಕಡೆಯ ಒಂದು ಖಾಸಗಿ ಕಾಲೇಜಿನಲ್ಲಿ ಆಯುರ್ವೇದದ ಸೀಟು ಸಿಗುವುದಿತ್ತು, ಅದೂ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ. ಪೂರ್ತಿ ಫೀಸು ನಾವೇ ಕಟ್ಟಬೇಕು. ನಮ್ಮ ಪಿಯು ಕಾಲೇಜಿನ ಗುಮಾಸ್ತರು ಒಳ್ಳೆಯವರು. ಅಪ್ಪನನ್ನು ಕೂರಿಸಿ ಬಿಡಿಸಿ ಹೇಳಿದರು.

"ಸೀಟೇನೋ ಐತಪ್ಪ. ಆದ್ರೆ ಸ್ಕಾಲರ್‌ಶಿಪ್ ಅಂತ ಏನೂ ಬರಲ್ಲ. ಎಲ್ಲಾದಕ್ಕೂ ಇಲ್ಲಿನ ನಾಗರಿಕರು ಅಂತ ಇರಬೇಕು."

"ಇವನು ಒಂದನೇ ಕ್ಲಾಸಿನಿಂದ ಇಲ್ಲೇ ಓದಿದಾನೆ ಸಾರ್," ಎಂದ ಅಪ್ಪ. ಇಷ್ಟು ವರ್ಷವಾದರೂ ಅವನ ಕನ್ನಡದಲ್ಲಿ ನಾನು 'ಇವನು' ಆಗಿಯೇ ಉಳಿದಿದ್ದೆ.

"ಅದು ನಂಗೂ ಗೊತ್ತೈತಿ. ಪಿಯುಗೆ ನಾನೇ ಅಡ್ಮಿಶನ್ ಮಾಡ್ಸಿದ್ದು. ಆದ್ರೆ ಏನ್ ಮಾಡಾಕೂ ಬರಲ್ಲಪ್ಪ."

ಬ್ಯಾಂಕಿನಲ್ಲೂ ಇದೇ ಮಾತು. ಮ್ಯಾನೇಜರು ಟೀ ತರಿಸಿಕೊಟ್ಟು, ಲೋನ್ ಆಗುವುದಿಲ್ಲವೆಂದರು. ನೇಪಾಳದಲ್ಲಿದ್ದ ಚಿಕ್ಕಪ್ಪನಿಗೆ ಫೋನು ಮಾಡಿ ಅಲ್ಲಿ ಏನಾದರೂ ಸಹಾಯ ಸಿಗುತ್ತದೆಯೇ ಎಂದು ಕೇಳಿಸಿದೆವು. ಅಲ್ಲಿನ ಶಾಲೆಯಲ್ಲಿ ಓದಿದವರಿಗೆ ಮಾತ್ರ ಎಂದರಂತೆ. ಆ ದಿನ ಅಪ್ಪ ಗಾಡಿ ಹಾಕಲಿಲ್ಲ. ಮನೆಯ ಮುಂದಿನ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದ. ಬಿಡು, ಬಿಎಸ್ಸಿ ಮಾಡುತ್ತೇನೆ ಎಂದು ನಾನು ಹೇಳಿದೆ. ಅವನು ಒಪ್ಪಲಿಲ್ಲ.

ದಾರಿ ತೋರಿಸಿದವರು ನಮ್ಮ ಮನೆಯ ಮಾಲೀಕರ ಹೆಂಡತಿ. ಅವರ ಸಂಬಂಧಿಕರೊಬ್ಬರು ಜಗಳೂರಿನಲ್ಲಿದ್ದರು. ಆ ಮನೆಯ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಮಗನದು ಬಟ್ಟೆ ಅಂಗಡಿ, ಸೊಸೆ ಶಾಲೆಯ ಟೀಚರು. ಹಗಲು ರಾತ್ರಿ ಮನೆಯಲ್ಲೇ ಇದ್ದು ಅಜ್ಜಿಯನ್ನು ನೋಡಿಕೊಳ್ಳುವವರು ಬೇಕಿತ್ತು.

"ಊಟ, ವಸ್ತಿ ಎಲ್ಲ ಅಲ್ಲೇ. ಸಂಬಳ ಪೂರ್ತಿ ಉಳೀತದೆ. ಮಗಳ ಓದು ಮುಗಿಯೋ ತನಕ ಹೋಗಿ ಬರ್ರಿ," ಎಂದರು ಅವರು ಆಮಾಗೆ.

ಹೋಗಿ ಬರುವುದು ಎಂದರೆ ಐದೂವರೆ ವರ್ಷ ಎಂದು ಆಗ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆಮಾ ಜಗಳೂರಿಗೆ, ನಾನು ಹಾಸ್ಟೆಲಿಗೆ ಎಂದಾದ ಮೇಲೆ ಅಪ್ಪನೊಬ್ಬನಿಗೆ ಮನೆಯೇಕೆ? ಹೊನ್ನಾಳಿಯಲ್ಲಿ ಬಸ್‌ಸ್ಟ್ಯಾಂಡಿಗೆ ಹತ್ತಿರ ಒಂದು ಸಣ್ಣ ಮಳಿಗೆ ಸಿಕ್ಕಿತು. ವ್ಯಾಪಾರ ಚನ್ನಗಿರಿಗಿಂತ ಚೆನ್ನಾಗಿತ್ತು, ಹಿಂದೆ ಒಂದು ಮಂಚ ಹಾಕುವಷ್ಟು ಜಾಗವೂ ಇತ್ತು. ಹೀಗೆ ಒಂದು ಭಾನುವಾರ ಮನೆ ಖಾಲಿ ಮಾಡಿದೆವು. ಸಾಮಾನೇನೂ ಹೆಚ್ಚಿರಲಿಲ್ಲ. ದೊಡ್ಡ ಪಾತ್ರೆಗಳು ಅಪ್ಪನ ಜೊತೆ ಹೋದವು, ಬಟ್ಟೆಯ ಟ್ರಂಕು ಆಮಾಳ ಜೊತೆ, ಬಕೆಟ್ಟು ಮತ್ತು ಚಾಪೆ ನನಗೆ. ಆಮಾ ಅಡುಗೆಮನೆಯನ್ನು ತೊಳೆದು, ಒರೆಸಿ, ಬಾಗಿಲೆಳೆದುಕೊಂಡಳು. ಯಾರೂ ಅಳಲಿಲ್ಲ. ಬಸ್ಸು ಹಿಡಿಯುವ ಅವಸರದಲ್ಲಿದ್ದೆವು.

ಕಾಲೇಜಿನಲ್ಲಿ ಮೊದಲ ತಿಂಗಳು ನನ್ನ ಜೊತೆ ಎಲ್ಲರೂ ಹಿಂದಿಯಲ್ಲಿ ಮಾತಾಡಿದರು. ನಾನು ಕನ್ನಡದಲ್ಲಿ ಉತ್ತರ ಕೊಟ್ಟರೂ ಅವರ ಬಾಯಿಂದ ಮತ್ತೆ ಹಿಂದಿಯೇ ಬರುತ್ತಿತ್ತು. ನನ್ನ ಮುಖ ನೋಡಿಕೊಂಡು ಕನ್ನಡ ಆಡಲು ಅವರ ನಾಲಗೆ ಏಳುತ್ತಿರಲಿಲ್ಲವೇನೋ. ಆಮೇಲೆ ಸರಿಹೋಯಿತು, ಗೆಳತಿಯರೂ ಆದರು. ಆದರೆ ವರ್ಷಕ್ಕೊಮ್ಮೆ ಸ್ಕಾಲರ್‌ಶಿಪ್ ಅರ್ಜಿ ಹಾಕುವ ದಿನ ಬರುತ್ತಿತ್ತು. ಜವಾನ ಬಂದು ಬಾಗಿಲಲ್ಲಿ ನಿಂತು ಕೂಗಿದರೆ ಹೆಚ್ಚುಕಡಿಮೆ ಇಡೀ ತರಗತಿ ಎದ್ದು ಆಫೀಸಿಗೆ ಓಡುತ್ತಿತ್ತು. ಉಳಿದ ಅನುಕೂಲಸ್ಥರ ಮಕ್ಕಳು ಕ್ಯಾಂಟೀನಿಗೆ ಹೋಗುತ್ತಿದ್ದರು. ನಾನು ಎರಡು ಕಡೆಗೂ ಸೇರಿದವಳಲ್ಲ. ಬೆಂಚಿನ ಮೇಲೆ ಕೂತು ಶರೀರ ರಚನೆಯ ಪುಸ್ತಕ ತೆರೆದುಕೊಳ್ಳುತ್ತಿದ್ದೆ. ಹೊರಗಿನ ಸಾಲಿನ ಗದ್ದಲ ಒಳಗೆ ಕೇಳಿಸುತ್ತಿತ್ತು. ಅಕ್ಷರ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ.

ತಿಂಗಳಿಗೊಂದು ಭಾನುವಾರ ನಾವು ಮೂವರೂ ದಾವಣಗೆರೆಯ ಬಸ್‌ಸ್ಟ್ಯಾಂಡಿನಲ್ಲಿ ಸೇರುತ್ತಿದ್ದೆವು. ಆಮಾ ಜಗಳೂರಿನ ಬಸ್ಸಿನಿಂದ ಇಳಿಯುತ್ತಿದ್ದಳು, ಅಪ್ಪ ಹೊನ್ನಾಳಿಯ ಬಸ್ಸಿನಿಂದ. ಅಪ್ಪ ಫ್ರೈಡ್ ರೈಸ್ ಕಟ್ಟಿಕೊಂಡು ಬರುತ್ತಿದ್ದ. ಸಿಮೆಂಟಿನ ಬೆಂಚಿನ ಮೇಲೆ ಕೂತು ಉಣ್ಣುತ್ತಿದ್ದೆವು. ಆಮಾ ನನ್ನ ಕೂದಲನ್ನು, ಉಗುರನ್ನು ನೋಡುತ್ತಿದ್ದಳು. ಅಪ್ಪ ಪಾಠ ಎಲ್ಲಿಗೆ ಬಂತೆಂದು ಕೇಳುತ್ತಿದ್ದ. ನಾನು ಹೇಳಿದ ಸಂಸ್ಕೃತದ ಹೆಸರುಗಳಿಗೆ ಗೊತ್ತಿದ್ದವನಂತೆ ತಲೆಯಾಡಿಸುತ್ತಿದ್ದ. ಹೇಳಬೇಕಾದದ್ದು ಬಹಳ ಇರುತ್ತಿತ್ತು, ಆದರೆ ಪಕ್ಕದಲ್ಲಿ ಯಾರಾದರೂ ಚೀಲ ಇಟ್ಟುಕೊಂಡು ಕೂತಿರುತ್ತಿದ್ದರು, ತಲೆಯ ಮೇಲೆ ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗುತ್ತಿದ್ದರು. ಮನೆಯಲ್ಲಿ ಮಲಗಿಕೊಂಡು ಆಡುವ ಮಾತು ಬೆಂಚಿನ ಮೇಲೆ ಬರುವುದಿಲ್ಲ. ಜಗಳೂರಿನ ಬಸ್ಸು ಬಂದ ಕೂಡಲೇ ಆಮಾ ಎದ್ದು ಬಿಡುತ್ತಿದ್ದಳು, ಸೀಟು ಸಿಗದಿದ್ದರೆ ನಿಂತು ಹೋಗಬೇಕು.

ಎಲ್ಲಕ್ಕಿಂತ ಕಷ್ಟವಾಗುತ್ತಿದ್ದುದು ರಜೆಗಳಲ್ಲಿ. ದಸರಾ ಬಂತೆಂದರೆ ಹಾಸ್ಟೆಲು ಖಾಲಿ. ಗೆಳತಿಯರು, "ನೀ ಯಾವಾಗ ಊರಿಗೆ?" ಎಂದು ಕೇಳುತ್ತಿದ್ದರು. ಯಾವ ಊರಿಗೆ? ಅಪ್ಪನ ಮಳಿಗೆಯಲ್ಲಿ ಒಂದೇ ಮಂಚ. ಆಮಾ ಇರುವುದು ಇನ್ನೊಬ್ಬರ ಮನೆಯಲ್ಲಿ. ವಾರ್ಡನ್ ಮೇಡಂ ನನಗೊಬ್ಬಳಿಗಾಗಿ ಗೇಟಿನ ಬೀಗದ ಕೈ ಬಿಟ್ಟು ಹೋಗುತ್ತಿದ್ದರು. ಮೆಸ್ಸು ಮುಚ್ಚಿರುತ್ತಿತ್ತು. ರಸ್ತೆಯಾಚೆಯ ಅಂಗಡಿಯಿಂದ ಬನ್ನು, ಬಾಳೆಹಣ್ಣು ತಂದು ತಿನ್ನುತ್ತಿದ್ದೆ. ಇಡೀ ದಿನ ಒಂದು ಮಾತೂ ಆಡದೆ ಇದ್ದು, ಸಂಜೆ ಅಂಗಡಿಯಲ್ಲಿ ಬಾಯಿ ಬಿಟ್ಟಾಗ ನನ್ನ ದನಿ ನನಗೇ ಬೇರೆಯಾಗಿ ಕೇಳುತ್ತಿತ್ತು.

ಎರಡನೇ ವರ್ಷದ ದೀಪಾವಳಿಗೆ ಆಮಾ ಜಗಳೂರಿಗೇ ಕರೆದಳು. ಮನೆಯವರು ಒಪ್ಪಿದ್ದರು. ದೊಡ್ಡ ಮನೆ, ತಂಪಾದ ನೆಲ. ಸೊಸೆ ನನ್ನನ್ನು ಸೋಫಾದ ಮೇಲೆ ಕೂರಿಸಿದರು. ಆಮಾ ಟ್ರೇಯಲ್ಲಿ ಟೀ ತಂದು ನನ್ನ ಮುಂದೆ ಹಿಡಿದಳು. ಅವಳ ಕೈಯಿಂದ ಟೀಯನ್ನು ಹಾಗೆ, ನೆಂಟರಂತೆ, ನಾನು ಯಾವತ್ತೂ ತೆಗೆದುಕೊಂಡಿರಲಿಲ್ಲ. ಎದ್ದು ನಿಲ್ಲಬೇಕೋ ಕೂತಿರಬೇಕೋ ತಿಳಿಯದೆ ಅರ್ಧ ಎದ್ದೆ.

"ಕುಂದ್ರವ್ವ, ಕುಂದ್ರು," ಎಂದರು ಒಳಗಿನ ಮಂಚದಿಂದ ಅಜ್ಜಿ. "ಡಾಕ್ಟ್ರು ಆಗಾಕಿ ನೀನೇನಾ? ಇಲ್ಲಿ ಬಾ, ಮುಖ ನೋಡ್ತೀನಿ."

ಹತ್ತಿರ ಹೋದೆ. ಕೈ ಹಿಡಿದುಕೊಂಡರು. "ನಿಮ್ಮವ್ವ ನಂಗೆ ಹೆತ್ತ ಮಗಳಿಗಿಂತ ಹೆಚ್ಚು ಕಣವ್ವ. ರಾತ್ರಿ ಕೆಮ್ಮಿದ್ರೆ ಸಾಕು, ಎದ್ದು ಕುಂತಿರ್ತಾಳೆ."

ಅವರು ಪ್ರೀತಿಯಿಂದಲೇ ಹೇಳಿದ್ದು. ಆಮಾ ಅವರ ತಲೆಯ ಹತ್ತಿರ ಕೂತು, ಎಣ್ಣೆ ಹಚ್ಚಿ, ಬಿಳಿ ಕೂದಲನ್ನು ಸಿಕ್ಕು ಬಿಡಿಸುತ್ತ ಬಾಚತೊಡಗಿದಳು. ಬಾಚುತ್ತ ಅವರಿಬ್ಬರೂ ನೆರೆಮನೆಯ ಯಾರದೋ ಮದುವೆಯ ಮಾತಾಡಿದರು, ನಕ್ಕರು. ಆಮಾಳ ಕನ್ನಡ ಬದಲಾಗಿತ್ತು. ಚನ್ನಗಿರಿಯಲ್ಲಿ ತಡವರಿಸುತ್ತಿದ್ದವಳು ಇಲ್ಲಿ ಆ ಊರವರಂತೆಯೇ ಆಡುತ್ತಿದ್ದಳು. ನಾನು ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ನನಗೂ ಬಾಚು ಎಂದು ಕೇಳಬೇಕೆನಿಸಿತು. ಇಪ್ಪತ್ತರ ಹುಡುಗಿ ಹೇಗೆ ಕೇಳುವುದು? ಸಂಜೆಯ ಬಸ್ಸಿಗೆ ವಾಪಸು ಬಂದೆ. ಹೋಳಿಗೆ ಕಟ್ಟಿಕೊಟ್ಟಿದ್ದರು. ಹಾಸ್ಟೆಲಿನ ಕತ್ತಲೆ ವರಾಂಡದಲ್ಲಿ ನಿಂತು ಅದನ್ನೆಲ್ಲ ಒಂದೇ ಸಲಕ್ಕೆ ತಿಂದೆ.

ಮೂರನೇ ವರ್ಷದ ಫೀಸು ಕಟ್ಟುವ ಹೊತ್ತಿಗೆ ಅಪ್ಪನ ಬಲಗೈ ಮೇಲೆ ಕಾದ ಎಣ್ಣೆ ಬಿತ್ತು. ಬಾಣಲಿ ಇಳಿಸುವಾಗ ಹಿಡಿ ಜಾರಿತಂತೆ. ಅವನು ನನಗೆ ಹೇಳಲಿಲ್ಲ. ಆ ಭಾನುವಾರ ಬಸ್‌ಸ್ಟ್ಯಾಂಡಿಗೆ ಬರಲಿಲ್ಲ, ಫೋನಿನಲ್ಲಿ ವ್ಯಾಪಾರ ಜೋರಾಗಿದೆ ಎಂದ. ಆಮಾಗೂ ನನಗೂ ಅನುಮಾನವಾಗಿ ಇಬ್ಬರೂ ಹೊನ್ನಾಳಿಯ ಬಸ್ಸು ಹತ್ತಿದೆವು. ಮಳಿಗೆಯ ಶಟರು ಅರ್ಧ ಇಳಿದಿತ್ತು. ಒಳಗೆ ಮಂಚದ ಮೇಲೆ, ಮೊಣಕೈವರೆಗೂ ಬ್ಯಾಂಡೇಜು ಸುತ್ತಿಸಿಕೊಂಡು, ಎಡಗೈಯಲ್ಲಿ ಚಮಚ ಹಿಡಿದು ಅನ್ನ ತಿನ್ನುತ್ತಿದ್ದ. ನಮ್ಮನ್ನು ನೋಡಿ ಮೊದಲು ಅವನು ಮಾಡಿದ್ದು ಎಂದರೆ ಮಂಚದ ಮೇಲೆ ಚದುರಿದ್ದ ಅನ್ನವನ್ನು ಎಡಗೈಯಿಂದ ಬಳಿದು ಮರೆಮಾಡಿದ್ದು.

"ಯಾಕೆ ಬಂದ್ರಿ? ಸಣ್ಣ ಗಾಯ," ಎಂದ.

ಆಮಾ ನೇಪಾಳಿಯಲ್ಲಿ ಅವನನ್ನು ಬೈಯತೊಡಗಿದಳು. ಬೈಯುತ್ತಲೇ ಅವನ ತಟ್ಟೆ ತೆಗೆದುಕೊಂಡು ಅನ್ನ ಕಲೆಸಿ ತುತ್ತು ಮಾಡಿ ಉಣಿಸಿದಳು. ನಾನು ಬ್ಯಾಂಡೇಜು ಬಿಚ್ಚಿ ನೋಡಿದೆ. ಸಣ್ಣ ಗಾಯವಾಗಿರಲಿಲ್ಲ. ಆ ಕೈ ಬಾಣಲಿ ಹಿಡಿಯಲು ತಿಂಗಳುಗಟ್ಟಲೆ ಬೇಕಿತ್ತು.

ನಾನು ಪ್ರಿನ್ಸಿಪಾಲರ ಹತ್ತಿರ ಹೋದೆ. ಅವರು ಗಡುವು ಮುಂದೂಡಿದರು, ಅದಕ್ಕಿಂತ ಹೆಚ್ಚು ಅವರ ಕೈಯಲ್ಲೂ ಇರಲಿಲ್ಲ. ಆಮೇಲೆ ಆಮಾ ಫೋನು ಮಾಡಿ, ಜಗಳೂರಿನ ಮನೆಯವರು ಒಂದು ವರ್ಷದ ಸಂಬಳವನ್ನು ಮುಂಗಡವಾಗಿ ಕೊಡುತ್ತಾರಂತೆ ಎಂದಳು. ಒಂದೇ ಒಂದು ಮಾತಿತ್ತು: ಅಜ್ಜಿಯ ಸ್ಥಿತಿ ಕೆಟ್ಟಿದೆ, ಸೊಸೆಗೆ ದೂರದ ಶಾಲೆಗೆ ವರ್ಗವಾಗಿದೆ, ಆ ವರ್ಷ ಆಮಾ ರಜೆ ಕೇಳಬಾರದು.

"ಬೇಡ ಆಮಾ. ನಾನು ಒಂದು ವರ್ಷ ಬಿಟ್ಟು ಓದ್ತೀನಿ."

"ತಗೊಂಡಾಗಿದೆ," ಎಂದಳು ಅವಳು.

ಹಾಗೆ ಭಾನುವಾರಗಳು ನಿಂತವು. ಆ ವರ್ಷವೆಲ್ಲ ನಾವು ಫೋನಿನಲ್ಲೇ ಇದ್ದೆವು. ಅಜ್ಜಿ ನಿದ್ದೆ ಹೋದ ಮೇಲೆ ಆಮಾ ಪಿಸುಗುಟ್ಟುತ್ತಿದ್ದಳು, ನನಗೆ ಅರ್ಧ ಕೇಳಿಸುತ್ತಿರಲಿಲ್ಲ. ಕೇಳಿಸಿತು ಎನ್ನುತ್ತಿದ್ದೆ. ಅಪ್ಪನ ಬಳಿ ನಾನು ಬಿಡುವಾದಾಗ ಹೋಗುತ್ತಿದ್ದೆ. ಮಧ್ಯಾಹ್ನ ಮಳಿಗೆ ತೆರೆಯುವ ಮುಂಚೆ ಇಬ್ಬರೂ ತುಂಗಭದ್ರೆಯ ಸೇತುವೆಯವರೆಗೆ ನಡೆದು ಹೋಗಿ ನಿಲ್ಲುತ್ತಿದ್ದೆವು. ಅವನು ಕೈಬೆರಳುಗಳನ್ನು ಮಡಿಚಿ ಬಿಚ್ಚಿ ಮಾಡುತ್ತಿದ್ದ, ನಾನು ಹೇಳಿಕೊಟ್ಟ ವ್ಯಾಯಾಮ ಅದು. ಒಂದು ಸಲ ಅವನನ್ನು ಕೇಳಿದೆ, "ನಿಂಗೆ ಒಬ್ನೇ ಇರಾಕೆ ಬೇಜಾರಾಗಲ್ವ?" "ಮೊದಲು ಆಗ್ತಿತ್ತು," ಎಂದ. ಈಗ ಅಭ್ಯಾಸವಾಗಿದೆ ಎಂಬ ಅರ್ಥದಲ್ಲಿ ಹೇಳಿದ್ದು. ನನಗೆ ಆ ಉತ್ತರಕ್ಕೆ ಸಮಾಧಾನವಾಗಬೇಕಿತ್ತು, ಭಯವಾಯಿತು.

ಓದು ಮುಗಿಯಿತು. ಇಂಟರ್ನ್‌ಶಿಪ್ಪೂ ಮುಗಿಯಿತು. ನೋಂದಣಿಗಾಗಿ ಒಂದಷ್ಟು ಅಲೆದಾಡಿದ ಮೇಲೆ ನ್ಯಾಮತಿಯ ಹಿರಿಯ ವೈದ್ಯರೊಬ್ಬರು ತಮ್ಮ ಕ್ಲಿನಿಕ್ಕಿಗೆ ಸೇರಿಸಿಕೊಂಡರು. ಮೊದಲ ವಾರ ಗೋವಿನಕೋವಿಯಿಂದ ಒಬ್ಬ ಹೆಂಗಸು ಮಂಡಿನೋವೆಂದು ಬಂದರು. ನನ್ನ ಮುಖ ನೋಡಿ ಹಿಂಜರಿದು, "ಡಾಕ್ಟ್ರು ಇಲ್ವೇನ್ರಿ?" ಎಂದರು. "ನಾನೇ ಕಣಮ್ಮ, ಹೇಳ್ರಿ, ಯಾವ ಕಾಲು ನೋಯ್ತೈತೆ?" ಎಂದೆ. ಅವರು ಗಾಬರಿಯಿಂದ ಒಮ್ಮೆ, ಖುಷಿಯಿಂದ ಒಮ್ಮೆ ನನ್ನನ್ನು ನೋಡಿ ಕಾಲು ಚಾಚಿದರು. ಮೇಜಿನ ಆಚೆ ಬದಿಗೆ ಬಂದಿದ್ದೆ. ಫೋನು ಮಾಡಿ ಇಬ್ಬರಿಗೂ ಹೇಳಿದೆ, ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ.

ಮೊದಲ ಸಂಬಳದಲ್ಲೇ ಮನೆ ಹಿಡಿದೆ. ಎರಡು ಕೋಣೆ, ಹಿತ್ತಿಲು, ನಲ್ಲಿ. ಮೂರು ತಟ್ಟೆ, ಮೂರು ಲೋಟ ತಂದಿಟ್ಟೆ. ಇನ್ನು ಎಲ್ಲರೂ ಒಟ್ಟಿಗೆ ಎಂದುಕೊಂಡಿದ್ದೆ. ಆಮಾ ಬರಲಿಲ್ಲ.

"ಫೀಸು ಮುಗೀತಲ್ಲ, ಇನ್ನೇನು?" ಎಂದು ಫೋನಿನಲ್ಲಿ ಕೇಳಿದೆ.

"ಅಜ್ಜಿ ನನ್ನ ಬಿಟ್ರೆ ಬೇರೆಯವರ ಕೈಲಿ ಉಣ್ಣಲ್ಲ. ಅವರು ಇರೋ ತನಕ ಇರ್ತೀನಿ."

ಅಪ್ಪ ಬಂದ. ಒಂದು ಚೀಲ ತಂದಿದ್ದ. ನಾನು ಬಡಿಸಿದರೆ ಕೂರುತ್ತಿರಲಿಲ್ಲ, ಅಡುಗೆಕಟ್ಟೆಯ ಬಳಿ ನಿಂತೇ ಉಂಡು ಮುಗಿಸುತ್ತಿದ್ದ. ಮಳಿಗೆಯಲ್ಲಿ ಗಿರಾಕಿಗಳ ನಡುವೆ ಹಾಗೆ ಉಂಡು ರೂಢಿ. ಮಾತಿಗೆ ಕರೆದರೆ ಬಂದು ಕೂರುತ್ತಿದ್ದ, ಎರಡು ಮಾತಾದ ಮೇಲೆ ಸುಮ್ಮನಾಗುತ್ತಿದ್ದ. ಮಧ್ಯಾಹ್ನ ಹೊನ್ನಾಳಿಗೆ ಹೋಗಿ ರಾತ್ರಿ ಕೊನೆಯ ಬಸ್ಸಿಗೆ ಬರುವುದೆಂದು ಮಾತಾಗಿತ್ತು. ಬರಬರುತ್ತ ಬಸ್ಸು ತಪ್ಪಿತು ಎಂದು ಅಲ್ಲೇ ಮಲಗತೊಡಗಿದ. ನಾನು ಕೇಳಲಿಲ್ಲ. ಎರಡು ಕೋಣೆಯ ಮನೆಯಲ್ಲಿ ನಾನೊಬ್ಬಳೇ ಇರುತ್ತಿದ್ದೆ. ಹಾಸ್ಟೆಲಿನಲ್ಲಿ ಒಬ್ಬಳೇ ಇದ್ದಾಗ ಮುಂದೊಂದು ದಿನ ಇದು ಮುಗಿಯುತ್ತದೆ ಎಂಬ ಧೈರ್ಯವಿತ್ತು. ಈಗ ಆ ಮುಂದಿನ ದಿನವೇ ಬಂದು ಕೂತಿತ್ತು.

ಹೋದ ವರ್ಷ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡರು. ಕಾರ್ಯಗಳೆಲ್ಲ ಮುಗಿದ ಮೇಲೆ ಆ ಮನೆಯ ಮಗನೇ ಆಮಾಳನ್ನು ಕಾರಿನಲ್ಲಿ ಕರೆತಂದು ಬಿಟ್ಟುಹೋದರು. ಹೋಗುವಾಗ ಅವರು ಅತ್ತರು, ಆಮಾ ಅಳಲಿಲ್ಲ. ಮಾರನೆಯ ದಿನ ಭಾನುವಾರ. ಅಪ್ಪನೂ ಬಂದಿದ್ದ. ಆಮಾ ಅಡುಗೆ ಮಾಡಿದಳು. ಮೆತ್ತಗೆ ಬೆಂದ ಅನ್ನ, ತೆಳ್ಳಗಿನ ಬೇಳೆಸಾರು, ಉಪ್ಪೂ ಕಮ್ಮಿ, ಖಾರವೂ ಇಲ್ಲ. ವರ್ಷಗಟ್ಟಲೆ ಹಲ್ಲಿಲ್ಲದ, ಬಿಪಿ ಇರುವ ಅಜ್ಜಿಗೆಂದು ಮಾಡಿದ ಕೈ. ಅಪ್ಪ ಎರಡು ತುತ್ತು ಉಂಡು ಎದ್ದು ಹೋಗಿ ಚೀಲದಿಂದ ಚಿಲ್ಲಿ ಸಾಸ್ ತಂದು ಸುರಿದುಕೊಂಡ. ನಾನು ಉಪ್ಪಿನಕಾಯಿ ಹಾಕಿಕೊಂಡೆ. ಆಮಾ ನಮ್ಮಿಬ್ಬರ ತಟ್ಟೆಗಳನ್ನೂ ನೋಡಿದಳು.

"ಚೆನ್ನಾಗಿಲ್ವಾ?"

"ಚೆನ್ನಾಗೈತೆ," ಎಂದೆವು ಇಬ್ಬರೂ ಒಟ್ಟಿಗೆ.

ಅವಳ ಕಣ್ಣು ತುಂಬಿತು. ಅದು ಅಡುಗೆಗಾಗಿ ಅಲ್ಲವೆಂದು ಗೊತ್ತಾಯಿತು. ನನಗೆ ಆ ಗಳಿಗೆಯಲ್ಲಿ ಹೊಳೆದದ್ದು ಒಂದೇ: ಈಕೆ ಇಷ್ಟು ವರ್ಷ ಯಾರ ಜೊತೆ ಬದುಕಿದಳೋ ಅವರು ಸತ್ತಿದ್ದಾರೆ, ಮತ್ತು ಅವರ ಬಗ್ಗೆ ನನಗೆ ಏನೂ ಗೊತ್ತಿಲ್ಲ.

"ಅಜ್ಜಿ ಬಗ್ಗೆ ಹೇಳು ಆಮಾ," ಎಂದೆ.

ಅವಳು ಶುರುಮಾಡಿದಳು, ಕನ್ನಡದಲ್ಲಿ. ಮೊದಲ ದಿನ ಅಜ್ಜಿ ಮುಖ ತಿರುಗಿಸಿ ಮಲಗಿದ್ದು, ಆಮೇಲೆ ಒಂದೊಂದೇ ಮಾತು ಕಲಿಸಿದ್ದು, ನೇಪಾಳದ ಹಾಡು ಹೇಳಿಸಿಕೊಂಡು ನಿದ್ದೆ ಹೋಗುತ್ತಿದ್ದದ್ದು. ಅಪ್ಪ ಗೋಡೆಗೊರಗಿ, ಈ ಸಲ ಕೂತು, ಕೇಳಿದ. ನಡುವೆ ಒಂದು ಸಲ, "ಯಾವ ಹಾಡು?" ಎಂದ. ಆಮಾ ಎರಡು ಸಾಲು ಹಾಡಿ ನಿಲ್ಲಿಸಿದಳು. ಅವನಿಗೆ ಅದು ನೆನಪಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅವನು ಬಸ್ಸಿಗೆ ಹೊತ್ತಾಯಿತೆಂದು ಎದ್ದ. ಭಾನುವಾರ ವ್ಯಾಪಾರ ಹೆಚ್ಚು. ಚಪ್ಪಲಿ ಮೆಟ್ಟಿಕೊಂಡು, "ನಾಳೆ ಬೆಳಗ್ಗೆ ಬರ್ತೀನಿ," ಎಂದ. ಆಮಾ ಬಾಗಿಲವರೆಗೂ ಹೋಗಿ ನಿಂತಳು. ತಿರುಗಿ ಬಂದು ತಟ್ಟೆಗಳನ್ನು ಎತ್ತಿಕೊಂಡಳು. ನಾನು ಲೋಟಗಳನ್ನು ತೆಗೆದುಕೊಂಡು ಅವಳ ಹಿಂದೆ ಒಳಗೆ ಹೋದೆ.